ನಿನಗೆ ತಿಳಿಯದಂತೆ

“ಸರ್, ಒಂದು ವಿಷಯ ಹೇಳ್ಬೇಕು. ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ.”

ಅದೊಂದು ಶನಿವಾರದ ಮಧ್ಯಾಹ್ನ. ನಮ್ಮೂರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಹೈಸ್ಕೂಲು ಮಕ್ಕಳನ್ನು ಸೇರಿಸಿಕೊಂಡು ಕತೆ ಓದುವ, ಓದಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅಂದು ಎಲ್ಲರೂ ಹೋದ ಮೇಲೂ ಹದಿನೈದರ ಆ ಹುಡುಗ ಕುರ್ಚಿಗಳನ್ನು ಜೋಡಿಸುತ್ತಾ ಉಳಿದುಕೊಂಡ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದ. ಏನೋ ಪ್ರೇಮ ಪ್ರಕರಣವಿರಬೇಕು, ಇಲ್ಲವೇ ಕಡಿಮೆ ಅಂಕದ ಸಂಕಟವಿರಬೇಕು ಅಂದುಕೊಂಡು ನಾನು “ಆಯ್ತು, ಹೇಳು ಮಾರಾಯ” ಎಂದೆ.

ಈ ಬರಹ ಆ “ಆಯ್ತು” ಎಂಬ ಒಂದು ಪದದ ಬಗ್ಗೆ.

ಮೊಬೈಲ್ ಆಟವೊಂದರಲ್ಲಿ ಅವನಿಗೆ ಒಬ್ಬ “ಹುಡುಗಿ”ಯ ಪರಿಚಯವಾಗಿತ್ತು. ಆಟದ ಚಾಟ್‌ನಿಂದ ಮಾತು ಬೇರೆ ಆ್ಯಪ್‌ಗೆ ಹೋಯಿತು. ಹತ್ತು ದಿನ ಅವಳು ಅವನ ಅಮ್ಮನ ಕಾಯಿಲೆ, ಶಾಲೆ, ಕ್ರಿಕೆಟ್ ಎಲ್ಲವನ್ನೂ ವಿಚಾರಿಸಿಕೊಂಡಳು. ಹನ್ನೊಂದನೆಯ ದಿನ ತನ್ನದೆಂದು ಒಂದು ಚಿತ್ರ ಕಳಿಸಿ, ಅವನದೂ ಬೇಕೆಂದಳು. ಇವನು ಕಳಿಸಿದ. ಅರ್ಧ ಗಂಟೆಯೊಳಗೆ ಆ ಕಡೆಯ ದನಿ ಬದಲಾಯಿತು. ಇವನ ಗೆಳೆಯರ, ನೆಂಟರ ಖಾತೆಗಳ ಪಟ್ಟಿ ಬಂತು. ದುಡ್ಡು ಹಾಕದಿದ್ದರೆ ಇವರಿಗೆಲ್ಲ ಚಿತ್ರ ಹೋಗುತ್ತದೆ ಎಂಬ ಸಂದೇಶ ಬಂತು. ಅಪ್ಪ ಮಲಗಿದ್ದಾಗ ಅವರ ಫೋನಿನಿಂದ ಎರಡು ಸಾವಿರ ಹಾಕಿದ. ಮರುದಿನ ಐದು ಸಾವಿರ ಕೇಳಿದರು. ನನ್ನ ಮುಂದೆ ನಿಂತಾಗ ಅವನು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ.

ನಾನು ಮಾತು ಕೊಟ್ಟಾಗಿತ್ತು. ಮಾತು ಮುರಿಯಲೇಬೇಕು ಎಂಬುದೂ ಕೇಳುತ್ತಿದ್ದ ಹಾಗೆಯೇ ತಿಳಿಯಿತು. ಮಗುವಿನ ದೇಹದ ಚಿತ್ರವನ್ನು ಹಂಚುತ್ತೇನೆಂದು ಹೀಗೆ ಬೆದರಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಅಪರಾಧದ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆಂದು ಅದೇ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಇದರಲ್ಲಿ ಮೇಷ್ಟರು, ಪಕ್ಕದ ಮನೆಯವರು, ಓದಿನ ಶಿಬಿರ ನಡೆಸುವವರು ಎಂಬ ಭೇದವಿಲ್ಲ. ಕಾನೂನು ಇಲ್ಲದಿದ್ದರೂ ವಿಷಯ ಒಂದೇ. ಹದಿನೈದು ವರ್ಷದ ಹುಡುಗನೊಬ್ಬ ನಾಲ್ಕನೆಯ ರಾತ್ರಿಯನ್ನು ಒಬ್ಬನೇ ಕಳೆಯಲಿ ಎಂದು ಬಿಟ್ಟು, ನಾನು ಸತ್ಯಸಂಧನೆಂದು ಮನೆಗೆ ಹೋಗಿ ಊಟ ಮಾಡಲು ಸಾಧ್ಯವೇ?

ಹಾಗೆಂದು ಮಾತು ಮುರಿಯುವುದು ಸಣ್ಣ ವಿಷಯವೂ ಅಲ್ಲ. ಒಬ್ಬ ಅಪರಿಚಿತ ನಂಬಿಸಿ ಮೋಸ ಮಾಡಿದ್ದ. ಅವನ ನಂತರ ಈ ಹುಡುಗ ನಂಬಿದ ಮೊದಲ ಮನುಷ್ಯ ನಾನು. ನಾನೂ ಬೆನ್ನ ಹಿಂದೆ ಹೋಗಿ ಹೇಳಿಬಿಟ್ಟರೆ ಲೋಕದ ಬಗ್ಗೆ ಅವನು ಕಲಿಯುವ ಪಾಠ ಯಾವುದು?

ಕೊನೆಗೆ ನಾನು ಅವನಿಗೆ ಇಷ್ಟು ಹೇಳಿದೆ: “ನಾನು ಆ ಮಾತು ಕೊಡಬಾರದಿತ್ತು. ತಪ್ಪು ನನ್ನದು. ಇದನ್ನು ಇನ್ನು ಕೆಲವರಿಗೆ ಹೇಳಲೇಬೇಕು. ಆದರೆ ನಿನಗೆ ತಿಳಿಯದಂತೆ ಯಾರಿಗೂ ಹೇಳುವುದಿಲ್ಲ. ಮೊದಲು ಯಾರಿಗೆ ಹೇಳೋಣ, ನೀನೇ ಹೇಳು.” ಅವನು ಬಹಳ ಹೊತ್ತು ಸುಮ್ಮನಿದ್ದು “ಚಿಕ್ಕಮ್ಮ” ಎಂದ. ಚಿಕ್ಕಮ್ಮನಿಂದ ವಿಷಯ ಅಪ್ಪನಿಗೆ, ಅಲ್ಲಿಂದ ಠಾಣೆಗೆ ಹೋಯಿತು. ಪ್ರತಿ ಹೆಜ್ಜೆಯಲ್ಲೂ ಅವನು ಜೊತೆಗಿದ್ದ.

ಆ ಎರಡು ದಿನಗಳಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ಬೇಕಾಗಬಹುದು. ಮತ್ತೆ ದುಡ್ಡು ಕೊಡಬಾರದು. ಕೊಟ್ಟವನು ಇನ್ನೂ ಕೊಡುತ್ತಾನೆ ಎಂಬುದೇ ಈ ದಂಧೆಯ ಲೆಕ್ಕಾಚಾರ. ಗಾಬರಿಯಲ್ಲಿ ಚಾಟ್ ಅಳಿಸಬಾರದು. ಬೆದರಿಕೆಯ ಸಂದೇಶ, ಖಾತೆಯ ಹೆಸರು, ದುಡ್ಡು ಹೋದ ಯುಪಿಐ ವಿವರ, ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ಸಾಕ್ಷಿಗಿರಲಿ ಎಂದು ಮಗುವಿನ ಆ ಚಿತ್ರವನ್ನು ದೊಡ್ಡವರು ತಮ್ಮ ಫೋನಿಗೆ ಕಳಿಸಿಕೊಳ್ಳಲೇಬಾರದು. ಅಂಥ ಚಿತ್ರದ ಹಂಚಿಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ದುಡ್ಡು ಹೋಗಿದ್ದರೆ 1930ಕ್ಕೆ, ಮಗುವಿಗೆ ಯಾವುದೇ ಆಪತ್ತಿದ್ದರೆ 1098ಕ್ಕೆ ಕರೆ ಮಾಡಬಹುದು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಅಮೆರಿಕದ, ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ಅದನ್ನು ನಡೆಸುತ್ತದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಅಲ್ಲಿಗೆ ಹೋಗಿ, ಭಾಗವಹಿಸುವ ಜಾಲತಾಣಗಳು ಆ ಚಿತ್ರವನ್ನು ಗುರುತಿಸಿ ತೆಗೆಯಲು ನೆರವಾಗುತ್ತದೆ. ಆ ಹುಡುಗನಿಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟದ್ದು ಇದೇ. ಯಾರೂ ಆ ಚಿತ್ರವನ್ನು ನೋಡಬೇಕಾಗಿಲ್ಲ ಎಂಬುದು.

ಅಪ್ಪ ಮೊದಲು ಸಿಟ್ಟಾದರು. “ಮಾಡಿದ್ದುಣ್ಣೋ ಮಹಾರಾಯ” ಎಂಬ ಮಾತು ಅವರ ಬಾಯಿಂದಲೂ ಬಂತು. ನಮ್ಮ ಭಾಷೆಯಲ್ಲಿ ಎಷ್ಟೋ ಸಂದರ್ಭಕ್ಕೆ ಸರಿಹೊಂದುವ ಗಾದೆ ಅದು. ಆದರೆ ಸುಲಿಗೆಗೆ ಸಿಕ್ಕಿದ ಮಗುವಿನ ಮುಂದೆ ಆಡಿದರೆ ಅದು ಸುಲಿಗೆಗಾರನ ಪರವಾಗಿ ಕೆಲಸ ಮಾಡುತ್ತದೆ. ಅವನು ನೆಚ್ಚಿಕೊಂಡಿದ್ದೇ ಮನೆಯವರು ಹೀಗೆ ಅನ್ನುತ್ತಾರೆ ಎಂಬುದನ್ನು. ಚಿತ್ರ ಅವನ ಕೈಯಲ್ಲಿರುವ ಆಯುಧ ನಿಜ, ಅದಕ್ಕೆ ಅಲಗು ಕೊಟ್ಟವರು ನಾವು.

2017ರಲ್ಲಿ ‘ಬ್ಲೂ ವೇಲ್’ ಎಂಬ ಆಟದ ಭಯ ದೇಶವನ್ನೆಲ್ಲ ಹಿಡಿದದ್ದು ನೆನಪಿರಬಹುದು. ನಾವು ಮಕ್ಕಳ ತೋಳು ಎತ್ತಿಸಿ ಗಾಯದ ಗುರುತು ಹುಡುಕಿದೆವು. ವರದಿಯಾದ ಸಾವುಗಳಲ್ಲಿ ಆ ಆಟದ ಕೈವಾಡ ಸಾಬೀತಾಗಿಲ್ಲವೆಂದು ಮರುವರ್ಷ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ತಿಮಿಂಗಿಲ ಹುಡುಕುತ್ತಿದ್ದ ನಮಗೆ, “ಊಟ ಆಯ್ತಾ?” ಎಂದು ಕೇಳುತ್ತಾ ಬರುವ ಸಣ್ಣ ಗಾಳ ಕಾಣಲಿಲ್ಲ. ನಿಜವಾದ ಅಪಾಯ ಬರುವುದು ಸ್ನೇಹದ ರೂಪದಲ್ಲಿ, ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಕೇಳುತ್ತಾ.

ಠಾಣೆಯಿಂದ ಮರಳುವಾಗ ಹುಡುಗನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಸರ್, ಒಂದು ಆ್ಯಪ್ ಇದೆಯಂತೆ. ಅವನಿಗೆ ಗೊತ್ತಾಗದ ಹಾಗೆ ಹಾಕಿದ್ರೆ ಅವನ ಚಾಟೆಲ್ಲ ನನ್ನ ಫೋನಲ್ಲಿ ಕಾಣುತ್ತಂತೆ. ನಿಮಗೆ ಇದೆಲ್ಲ ಗೊತ್ತಲ್ಲ, ಹಾಕಿಕೊಡಿ.”

ಅವರ ಮುಖದಲ್ಲಿದ್ದದ್ದು ಅಧಿಕಾರವಲ್ಲ, ಭಯ. ಇಲ್ಲವೆನ್ನಲು ನನಗೆ ನಾಲಿಗೆ ಏಳಲಿಲ್ಲ. ಕಾರಣವೂ ಇತ್ತು. ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದ ವರ್ಷ, ಅವಳು ಮಲಗಿದ ಮೇಲೆ ನಾನು ಅವಳ ಫೋನ್ ಓದುತ್ತಿದ್ದೆ. ಬೀಗದ ಗುರುತು ನನಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಪ್ಲೇಟೊನ ‘ರಿಪಬ್ಲಿಕ್’ನಲ್ಲಿ ಗ್ಲಾಕನ್ ಎಂಬವನು ಒಂದು ಕತೆ ಹೇಳುತ್ತಾನೆ. ಕುರಿ ಕಾಯುವವನೊಬ್ಬನಿಗೆ ನೆಲ ಬಿರಿದ ಜಾಗದಲ್ಲಿ ಉಂಗುರವೊಂದು ಸಿಗುತ್ತದೆ. ಅದನ್ನು ಒಳಮುಖಕ್ಕೆ ತಿರುಗಿಸಿದರೆ ಯಾರ ಕಣ್ಣಿಗೂ ಕಾಣದಂತಾಗುತ್ತಾನೆ. ಅವನು ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ರಾಜ್ಯ ಕಸಿದುಕೊಳ್ಳುತ್ತಾನೆ. ಯಾರೂ ನೋಡದಿರುವಾಗಲೂ ಮನುಷ್ಯ ನ್ಯಾಯವಾಗಿ ಇರುತ್ತಾನೆಯೇ ಎಂಬುದು ಅಲ್ಲಿಯ ಪ್ರಶ್ನೆ. ಇಷ್ಟು ವರ್ಷ ಆ ಕತೆಯನ್ನು ನಾನು ಕಳ್ಳರ, ಅಧಿಕಾರಸ್ಥರ ಬಗ್ಗೆ ಎಂದು ಓದಿದ್ದೆ. ಪ್ರೀತಿಯಿಂದ ಉಂಗುರ ತಿರುಗಿಸುವವರೂ ಇರುತ್ತಾರೆ ಎಂದು ಹೊಳೆದಿರಲಿಲ್ಲ. ನಾನು ಏನನ್ನೂ ಕದಿಯಲಿಲ್ಲ, ಕೆಟ್ಟ ಉದ್ದೇಶವಿರಲಿಲ್ಲ, ಅವಳ ಒಳ್ಳೆಯದಕ್ಕೇ ಮಾಡಿದೆ. ಅದೆಲ್ಲ ನಿಜ.

ಆದರೆ ಏನು ಸಿಕ್ಕಿತು ಎಂದರೆ, ವರ್ಷವಿಡೀ ಓದಿದ್ದರಲ್ಲಿ ನನಗೆ ಉಪಯೋಗಕ್ಕೆ ಬರಬಹುದಾಗಿದ್ದ ವಾಕ್ಯ ಒಂದೇ. ಯಾವನೋ ಪದೇ ಪದೇ ಮೆಸೇಜು ಮಾಡಿ ಪೀಡಿಸುತ್ತಿದ್ದಾನೆಂದು ಗೆಳತಿಯೊಬ್ಬಳು ಇವಳಿಗೆ ಹೇಳಿಕೊಂಡು, ನೀನಾಗಿದ್ದರೆ ನಿಮ್ಮಪ್ಪನಿಗೆ ಹೇಳುತ್ತಿದ್ದೆಯಾ ಎಂದು ಕೇಳಿದ್ದಳು. ನನ್ನ ಮಗಳ ಉತ್ತರ: “ಇಲ್ಲಪ್ಪ, ಅಪ್ಪ ಮೊದಲು ಫೋನ್ ಕಿತ್ಕೋತಾರೆ.”

ಆ ವಾಕ್ಯವನ್ನು ಇಟ್ಟುಕೊಂಡು ನಾನು ಏನು ಮಾಡಲು ಸಾಧ್ಯವಿತ್ತು? “ಇಲ್ಲ ಮಗಳೇ, ಕಿತ್ಕೊಳ್ಳಲ್ಲ, ಹೇಳು” ಅನ್ನಬೇಕಾದರೆ ಓದಿದ್ದೇನೆಂದು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. ಕದ್ದು ತಿಳಿದದ್ದರ ಕಷ್ಟ ಇದು. ಕಾಣದಂತಾದವನು ಎಲ್ಲವನ್ನೂ ನೋಡಬಲ್ಲ, ಮಾತಾಡಲಾರ. ಬಾಯಿ ತೆರೆದರೆ ಉಂಗುರ ಬಯಲಾಗುತ್ತದೆ. ಮಗುವಿಗೆ ಬೇಕಾಗಿರುವುದು ನಾವು ತಿಳಿದುಕೊಂಡಿರುವುದಲ್ಲ. ಅದು ನಮ್ಮ ಬಳಿ ಬಂದು ಹೇಳುವುದು ಸಾಧ್ಯವಾಗಿರುವುದು. ಮೊದಲನೆಯದಕ್ಕಾಗಿ ನಾನು ಎರಡನೆಯದನ್ನು ಕಳೆದುಕೊಳ್ಳುತ್ತಿದ್ದೆ.

ಹಾಗಾದರೆ ಮಕ್ಕಳನ್ನು ಅವರಷ್ಟಕ್ಕೆ ಬಿಡಬೇಕೇ? ಖಂಡಿತ ಇಲ್ಲ. ನಮ್ಮ ಕಡೆ ಕೆರೆಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಅದು ಮಗುವಿಗೂ ಗೊತ್ತು, ದಡದಲ್ಲಿ ನಿಂತವರಿಗೂ ಗೊತ್ತು. ಕೈಕಾಲು ಪಳಗಿದ ಹಾಗೆ ಚಿಕ್ಕ ಬುರುಡೆ, ಆಮೇಲೆ ಅದೂ ಇಲ್ಲ. ಎಂಟು ವರ್ಷದ ಮಗುವಿನ ಫೋನನ್ನು ನಾವು ನೋಡುತ್ತೇವೆ, ನೋಡುತ್ತೇವೆಂದು ಅದಕ್ಕೆ ಹೇಳಿಯೇ ನೋಡುತ್ತೇವೆ. ಹನ್ನೆರಡಕ್ಕೆ ಫೋನು ರಾತ್ರಿ ಹಜಾರದಲ್ಲಿರಲಿ, ದೊಡ್ಡವರದೂ ಅಲ್ಲೇ ಇರಲಿ. ಹದಿನಾರಕ್ಕೆ ಬುರುಡೆ ಬಿಚ್ಚುವ ಹೊತ್ತು. ಗುಟ್ಟಿನ ಆ್ಯಪ್ ಬುರುಡೆಯಲ್ಲ. ಅದು ನೀರಿನಡಿ ಕುಳಿತು ಕಾಲು ಹಿಡಿದುಕೊಂಡಂತೆ. ಕಲಿಯುವವನು ತನಗೆ ಈಜು ಬಂದಿದೆಯೋ ಇಲ್ಲವೋ ಎಂದು ಎಂದೂ ತಿಳಿಯಲಾರ.

ಇದಕ್ಕೆ ಹುಡುಗನ ಅಪ್ಪ ಎತ್ತಿದ ಆಕ್ಷೇಪ ಗಟ್ಟಿಯಾದದ್ದು. “ನಿಮ್ಮ ಹತ್ರ ಅವನು ಬಂದ, ಸರಿ. ಬರದೇ ಇದ್ದಿದ್ರೆ? ಮರ್ಯಾದೆ ನೋಡ್ಕೊಂಡು ಕೂತು ಮಗನ್ನ ಕಳ್ಕೊಳ್ಳೋಕಾಗುತ್ತಾ?” ಆಗುವುದಿಲ್ಲ. ಕೋಣೆಯೊಳಗಿಂದ ಹೊಗೆ ಬರುತ್ತಿದ್ದರೆ ಯಾರೂ ಬಾಗಿಲು ತಟ್ಟಿ ಕಾಯುವುದಿಲ್ಲ. ಊಟ ಬಿಟ್ಟ, ನಿದ್ದೆ ಬಿಟ್ಟ, ಫೋನು ಸದ್ದಾದರೆ ಬೆಚ್ಚುವ, ಮನೆಯಲ್ಲಿ ಲೆಕ್ಕಕ್ಕೆ ಸಿಗದೆ ದುಡ್ಡು ಹೋಗುತ್ತಿರುವ ಹುಡುಗನ ವಿಷಯದಲ್ಲಿ ಬಾಗಿಲು ಒಡೆಯಬೇಕಾಗಬಹುದು. ಆದರೆ ಒಡೆದ ಮೇಲೆ, ಒಡೆದೆವೆಂದು ಹೇಳಬೇಕು, ಯಾಕೆಂದೂ ಹೇಳಬೇಕು. ಹೊಗೆಯೇ ಇಲ್ಲದೆ ದಿನಾ ರಾತ್ರಿ ಬಾಗಿಲ ಸಂದಿಗೆ ಕಣ್ಣಿಡುವುದು ಬೇರೆ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಮಗುವಿನ ಖಾಸಗಿತನದಲ್ಲಿ ಮನಬಂದಂತೆ ಕೈಹಾಕಬಾರದೆಂದು ಅದರ 16ನೇ ವಿಧಿ ಹೇಳುತ್ತದೆ. ಕೈಹಾಕಲೇಬಾರದೆಂದಲ್ಲ, ಮನಬಂದಂತೆ ಕೂಡದು ಎಂದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಕಂಪನಿಗಳು ಮಕ್ಕಳ ಜಾಡು ಹಿಡಿಯುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಹುಡುಗನ ಅಪ್ಪನಿಗೆ ನಾನು ಹೇಳಿದ್ದು ಇದನ್ನೆಲ್ಲ ಅಲ್ಲ. “ಆ ಆ್ಯಪ್ ಹಾಕಿದರೆ ಅವನ ಚಾಟನ್ನು ನೀವೊಬ್ಬರೇ ಓದುವುದಿಲ್ಲ. ಅದನ್ನು ಮಾಡಿದ ಯಾರೋ ಕಂಪನಿಯ ಸರ್ವರಿನಲ್ಲೂ ಅದು ಕೂತಿರುತ್ತದೆ. ಅಪರಿಚಿತರ ಕೈಯಿಂದ ಬಿಡಿಸಿಕೊಂಡು ಬಂದ ಹುಡುಗನನ್ನು ಮತ್ತೆ ಅಪರಿಚಿತರ ಕೈಗೆ ಕೊಡುತ್ತೀರಾ?” ಎಂದೆ. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಅವರು ರೈತರು. ಆಮೇಲೆ ನನ್ನ ಮಗಳ ವಿಷಯವನ್ನೂ ಹೇಳಿದೆ. ಅದನ್ನು ಹೇಳಿದ ಮೇಲೆ ಅವರು ಆ್ಯಪಿನ ಮಾತೆತ್ತಲಿಲ್ಲ.

ಅವರಿಗೆ ಹೇಳಿದ ಮೇಲೆ ಮಗಳಿಗೆ ಹೇಳದೆ ಇರುವುದು ಸಾಧ್ಯವಿರಲಿಲ್ಲ. ಅಷ್ಟು ಹೊತ್ತಿಗೆ ಅವಳು ಪಿಯುಸಿಯಲ್ಲಿದ್ದಳು. ಒಂದು ಸಂಜೆ ಹೇಳಿದೆ. ಅವಳು ಕೂಗಾಡಲಿಲ್ಲ. “ಎಲ್ಲಾ ಓದಿದ್ರಾ?” ಎಂದಳು. ಹೌದೆಂದೆ. ಎದ್ದು ಹೋದಳು. ಬೀಗದ ಗುರುತು ಬದಲಾಯಿತು. ಸುಮಾರು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಹುಡುಗನ ದುಡ್ಡು ಈವರೆಗೆ ಮರಳಿಲ್ಲ. ಬ್ಲಾಕ್ ಮಾಡಿದ ಮೇಲೆ ಆ ಕಡೆಯಿಂದ ಸದ್ದಿಲ್ಲ. ಮೂರು ಶನಿವಾರ ತಪ್ಪಿಸಿ ನಾಲ್ಕನೆಯದಕ್ಕೆ ಅವನು ಬಂದ. ಈ ಬರಹವನ್ನು ಪ್ರಕಟಿಸುವ ಮೊದಲು ಅವನಿಗೂ ಅವನ ಮನೆಯವರಿಗೂ ಓದಿಸಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಅವನೇ ಕೂತು ಬದಲಿಸಿಕೊಟ್ಟ. ಮಗಳೂ ಓದಿದ್ದಾಳೆ. ಒಂದು ಪದ ತಿದ್ದಿದಳು.

ಈಗ ಶಿಬಿರಕ್ಕೆ ಹೊಸ ಮಕ್ಕಳು ಬಂದಾಗ ಮೊದಲ ದಿನವೇ ಹೇಳಿಬಿಡುತ್ತೇನೆ: “ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಡಲಾರೆ. ನಿಮಗೆ ತಿಳಿಯದಂತೆ ಹೇಳುವುದಿಲ್ಲ ಎಂದು ಕೊಡಬಲ್ಲೆ.” ಕೆಲವರ ಮುಖ ಸಪ್ಪೆಯಾಗುತ್ತದೆ. ದೊಡ್ಡ ಮಾತನ್ನು ಕೊಟ್ಟು ಮುರಿಯುವುದಕ್ಕಿಂತ ಈ ಸಣ್ಣ ಮಾತನ್ನು ಉಳಿಸಿಕೊಳ್ಳುವುದು ನನಗೆ ಸಾಧ್ಯವೆನಿಸುತ್ತದೆ.

ಕಳೆದ ತಿಂಗಳು ಒಂದು ರಾತ್ರಿ ಮಗಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ನನ್ನ ಫ್ರೆಂಡ್ ಒಬ್ಬಳಿಗೆ ಒಂದು ಅಕೌಂಟಿಂದ ಏನೇನೋ ಮೆಸೇಜ್ ಬರ್ತಿದೆ. ಏನು ಮಾಡ್ಬೇಕು?” ಎಂದಳು. ಕೂತು ಒಂದೊಂದಾಗಿ ಹೇಳಿದೆ. ಅವಳು ಬರೆದುಕೊಂಡಳು. ಯಾವ ಫ್ರೆಂಡ್ ಎಂದು ನಾನು ಕೇಳಲಿಲ್ಲ.