ಹೊಳಪಿಲ್ಲದ ಬಣ್ಣ

ನಮ್ಮ ಮಾರುತಿ 800ಕ್ಕೆ ತಾನೇ ಬಣ್ಣ ಹೊಡೆಯುತ್ತೇನೆಂದು ಮಗ ಹೇಳಿದಾಗ ನನಗೆ ನಗು ಬಂತು. ತನ್ನ ಕೋಣೆಗೆ ಸುಣ್ಣ ಬಳಿಯೋ ಎಂದರೆ ಬೆನ್ನುನೋವು ಎನ್ನುವ ಹುಡುಗ! ಅದೂ ಹೊಳೆಯುವ ಬಣ್ಣವಲ್ಲವಂತೆ, ಮ್ಯಾಟ್ ಅಂತೆ. ಸ್ಲೇಟಿನ ಹಾಗೆ ಮಂಕಾಗಿ ಕಾಣುವುದಕ್ಕೆ ದುಡ್ಡು ಯಾಕಪ್ಪ, ನಾಲ್ಕು ಬೇಸಿಗೆ ಬಿಸಿಲಲ್ಲಿ ನಿಲ್ಲಿಸಿದರೆ ಪುಕ್ಕಟೆ ಬರುತ್ತದಲ್ಲ ಎಂದೆ. 2014ರಲ್ಲಿ ತಯಾರಿಕೆಯೇ ನಿಂತುಹೋದ ಗಾಡಿ. ಚೆನ್ನಾಗಿ ಕಂಡರೆ ಕೊಳ್ಳುವವರು ಸಿಗುತ್ತಾರೆ ಎಂಬುದು ಅವನ ಲೆಕ್ಕ. ಬಣ್ಣ ಬದಲಾದರೆ ಆರ್‌ಟಿಒ ಕಚೇರಿಗೆ ಅಲೆದು ಆರ್‌ಸಿಯಲ್ಲಿ ತಿದ್ದಿಸಬೇಕೆಂದು ಹಳೆಯ ಬೂದುಬಣ್ಣವನ್ನೇ ಇಟ್ಟುಕೊಂಡ.

ದೀಪಾವಳಿ ಕಳೆದು ಗಾಳಿಯ ತೇವ ಆರಿದ ಮೇಲೆ ಕೆಲಸ ಶುರುವಾಯಿತು. ಬಣ್ಣ ಹೊಡೆಯುವುದು ಅರ್ಧ ದಿನ, ಉಜ್ಜುವುದು ಎಂಟು ದಿನ. ಒರಟು ಕಾಗದ, ನಯ ಕಾಗದ, ನೀರು ಹಾಕಿ ಮತ್ತೆ ಉಜ್ಜುವುದು. ಗಾಜಿಗೆಲ್ಲ ಹಳೆಯ ದಿನಪತ್ರಿಕೆ ಅಂಟಿಸಿ, ದೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಳ್ಳಗೆ ಒಂದೊಂದೇ ಪದರ. ಒಂದು ಆರುವ ತನಕ ಇನ್ನೊಂದಿಲ್ಲ. ದೋಸೆ ಹುಯ್ಯುವಾಗ ಇಷ್ಟು ತಾಳ್ಮೆ ನನಗೂ ಇಲ್ಲ.

ಮುಗಿದಾಗ ನಿಜಕ್ಕೂ ಚೆಂದವಿತ್ತು. ಆದರೆ ಎಡಬಾಗಿಲ ಕೆಳಗೆ ತುಕ್ಕು ತಿಂದು ತೂತಾಗಿದ್ದ ತಗಡಿಗೆ ಪುಟ್ಟಿ ಮೆತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಈಗ ಹುಡುಕಿದರೂ ಕಾಣದು. ‘ಅಮ್ಮ, ಹೊಳೆಯೋ ಬಣ್ಣವಾದರೆ ಟ್ಯೂಬ್‌ಲೈಟಿನ ಗೆರೆ ಅಲ್ಲಿ ಸೊಟ್ಟಗೆ ಕಾಣಿಸ್ತಿತ್ತು. ಇದರಲ್ಲಿ ಬೆಳಕು ಚೆದುರಿಹೋಗುತ್ತೆ, ಉಬ್ಬುತಗ್ಗು ಕಾಣಲ್ಲ’ ಎಂದು ಹೆಮ್ಮೆಯಿಂದ ಹೇಳಿದ. ಹಾಗೆಂದು ಇದು ಸುಲಭದ ಬಣ್ಣವೂ ಅಲ್ಲ. ಗೀರು ಬಿದ್ದರೆ ಪಾಲಿಶ್ ಮಾಡುವಂತಿಲ್ಲ, ಉಜ್ಜಿದ ಜಾಗವೇ ಮಿಂಚಿ ಎದ್ದು ಕಾಣುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಮುಖಕ್ಕೆ ಪೌಡರು ಹಚ್ಚುವುದು ಸುಳ್ಳೇ? ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವುದು ಸುಳ್ಳೇ? ಅಲ್ಲ. ಗೋಡೆ ಇನ್ನೊಬ್ಬರಿಗೆ ಮಾರುವುದಲ್ಲವಲ್ಲ. ನನ್ನನ್ನು ನೋಡಲು ಬಂದ ದಿನ ಅಮ್ಮ ನನ್ನ ಎಡಗೈಯ ಸುಟ್ಟ ಕಲೆಯನ್ನು ಸೆರಗಿನಲ್ಲಿ ಮುಚ್ಚಿ, ಕಿಟಕಿಯ ಬೆಳಕಿಗೆ ಬಲಮಗ್ಗುಲು ತಿರುಗಿಸಿ ಕೂರಿಸಿದ್ದಳು. ಪಾಪ, ಅವಳದೂ ತಪ್ಪೆನ್ನಲಾರೆ. ಮೂರು ಕಡೆಯವರು ಬೇಡವೆಂದು ಹೋಗಿದ್ದರು. ಮದುವೆಯಾದ ವಾರಕ್ಕೆ ಅತ್ತೆ ಕಲೆ ನೋಡಿದರು. ಏನೂ ಅನ್ನಲಿಲ್ಲ. ಆದರೆ ಎಷ್ಟೋ ವರ್ಷ, ಹಾಲು ಉಕ್ಕಿದರೂ ಲೋಟ ಒಡೆದರೂ ಅವರ ಕಣ್ಣು ನನ್ನ ಕೈಯ ಮೇಲೆ ಹೋಗುತ್ತಿತ್ತು. ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ನೋಟ ಅದು. ಕಲೆಗಿಂತ ಸೆರಗೇ ನನಗೆ ಹೆಚ್ಚು ಭಾರವಾಯಿತು.

ಭಾನುವಾರ ಬಂದವರು ಒಬ್ಬ ಮೇಷ್ಟ್ರು, ಜೊತೆಗೆ ಹೆಂಡತಿ, ಪುಟ್ಟ ಮಗಳು. ಆಕೆ ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸಿ, ‘ಎಷ್ಟು ನಯವಾಗಿದೆ’ ಎಂದಳು. ಮಗ ನನ್ನತ್ತ ನೋಡಿದ. ಬೇಡ ಎನ್ನುವಂತೆ ತಲೆಯನ್ನೂ ಅಲ್ಲಾಡಿಸಿದ.

ನಾನು ಎಡಬಾಗಿಲು ತೆರೆದು, ಕೆಳಗಿನ ಮ್ಯಾಟು ಎತ್ತಿ, ‘ಇಲ್ಲಿ ಸ್ವಲ್ಪ ಬಗ್ಗಿ ನೋಡಮ್ಮ’ ಎಂದೆ.