ಹೆಸರಿಲ್ಲದ ಅರ್ಜಿ

ಕೆರೆ ಹೂಳೆತ್ತದೆಯೇ ಬಿಲ್ ಆಗಿದೆ, ರೇಷನ್ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂದು ಬರೆದು ಸಹಿ ಹಾಕದೆ ಕಳಿಸಿದರೆ ಅದು ಮೂಗರ್ಜಿ. ಅದಕ್ಕೆ ಬೆಲೆಯಿಲ್ಲ, ಧೈರ್ಯವಿದ್ದರೆ ಹೆಸರು ಹಾಕಲಿ ಎನ್ನುತ್ತಾರೆ. ಹಗೆಗೆ ಬರೆದ ಮೂಗರ್ಜಿಯಿಂದ ತಪ್ಪು ಮಾಡದ ನೌಕರ ವಿಚಾರಣೆಗೆ ಅಲೆದಾಡುವುದು ಉಂಟು; ಹಾಗಾಗಿ ಆ ಮಾತನ್ನು ತಳ್ಳಿಹಾಕಲಾರೆ.

ಆದರೆ ಶಿರಹಟ್ಟಿಯಂಥ ಊರಲ್ಲಿ ಹೆಸರು ಹಾಕುವುದೆಂದರೇನು? ಬಡಿಗೇರ, ಹಡಪದ, ತಳವಾರ, ಮಾದರ: ಅಡ್ಡಹೆಸರು ಓದಿದೊಡನೆ ಜಾತಿ ಗೊತ್ತಾಗುತ್ತದೆ, ಓಣಿ ಗೊತ್ತಾಗುತ್ತದೆ, ಯಾರ ಹೊಲಕ್ಕೆ ಕೂಲಿಗೆ ಹೋಗುತ್ತಾನೆಂಬುದೂ ಗೊತ್ತಾಗುತ್ತದೆ. ದೂರನ್ನು ತೂಗುವ ಮೊದಲೇ ದೂರಿದವನ ತೂಕ ಮುಗಿದಿರುತ್ತದೆ. ಹೊಲದ ಒಡೆಯನ ಸಹಿಗೂ ಕೂಲಿಯವನ ಸಹಿಗೂ ಒಂದೇ ಬೆಲೆಯಿದ್ದಿದ್ದರೆ ಹೆಸರು ಕೇಳುವುದು ನ್ಯಾಯವಾಗುತ್ತಿತ್ತು.

ಗುಟ್ಟಾಗಿಡುತ್ತೇವೆ ಎಂಬ ಭರವಸೆಯನ್ನಾದರೂ ಹೇಗೆ ನಂಬುವುದು? ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಹೆದ್ದಾರಿ ಕಾಮಗಾರಿಯ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಾಗ, ತಮ್ಮ ಹೆಸರು ಹೊರಗೆ ಬಾರದಿರಲೆಂದು ಕೇಳಿಕೊಂಡಿದ್ದರು. ಹೆಸರು ಬಯಲಾಯಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರು ಗುಂಡಿಗೆ ಬಲಿಯಾದರು. ತನಿಖೆ ಅದನ್ನು ದರೋಡೆ ಎಂದಿತು. ಆ ಸಾವು ಎಬ್ಬಿಸಿದ ಕೂಗಿನಿಂದ ಬೆಳೆದುಬಂದ, ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ 2014ರ ಕಾಯ್ದೆಯೂ ಹೆಸರಿಲ್ಲದ ದೂರನ್ನು ಎತ್ತಿಕೊಳ್ಳುವುದಿಲ್ಲ.

ಅದೇ, ಬಾಲ್ಯವಿವಾಹದ ಸುಳಿವು ಕೊಡಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದವರ ಹೆಸರು ಗುಟ್ಟಾಗಿಯೇ ಇರುತ್ತದೆ. ಅಧಿಕಾರಿಗಳು ಹೋಗಿ ನೋಡಿದರಾಯಿತು: ಚಪ್ಪರ ಕಣ್ಣಿಗೆ ಕಾಣುತ್ತದೆ, ಹುಡುಗಿಯ ವಯಸ್ಸು ಶಾಲೆಯ ದಾಖಲೆಯಲ್ಲಿದೆ. ಕೆರೆಯ ಆಳವನ್ನೂ ಅಳೆಯಬಹುದು, ಅಕ್ಕಿಯ ಲೆಕ್ಕವನ್ನೂ ತೆಗೆಯಬಹುದು. ಅಲ್ಲಿ ಹೆಸರಿನ ಹಂಗೇಕೆ?

ಹೋಗಿ ನೋಡಲಾಗದ ಸಂಗತಿಯದೇ ಕಷ್ಟ. ಯಾರೋ ಬೆದರಿಸಿದರು, ಲಂಚ ಕೇಳಿದರು ಎಂದಾಗ ಹೇಳಿದವರನ್ನೇ ನಂಬಬೇಕು. ಇದಕ್ಕೆ ದಾರಿ ನನಗೆ ಪಕ್ಕದ ಲಕ್ಷ್ಮೇಶ್ವರದಲ್ಲಿ, ಹಳೆಯ ಪುಲಿಗೆರೆಯಲ್ಲಿ ಕಾಣುತ್ತದೆ. ಸೌರಾಷ್ಟ್ರದಿಂದ ಅಲ್ಲಿಗೆ ವ್ಯಾಪಾರಕ್ಕೆ ಬಂದ ಶರಣ ಆದಯ್ಯನ ಅಂಕಿತ ‘ಸೌರಾಷ್ಟ್ರ ಸೋಮೇಶ್ವರ’. ಅದರಲ್ಲಿ ಅವನ ಹೆಸರಿಲ್ಲ, ಕುಲವಿಲ್ಲ. ಆದರೂ ನೂರಾರು ವಚನಗಳಿಗೆ ಅದೊಂದೇ ಗುರುತು. ಒಂದು ವಚನ ಪೊಳ್ಳಾದರೆ ಉಳಿದವುಗಳಿಗೂ ಕಳಂಕ. ಮೂಗರ್ಜಿಗೆ ಇಲ್ಲದ್ದು ಹೀಗೆ ಹಿಂದಿನ ಮಾತಿಗೆ ಕಟ್ಟಿಹಾಕುವ ಗುರುತು.

ಕಚೇರಿ ಅರ್ಜಿಗೊಂದು ಸಂಖ್ಯೆ ಕೊಡಲಿ. ಬರೆದವರು ಅದೇ ಸಂಖ್ಯೆಯಲ್ಲಿ ಮತ್ತೆ ಬರೆಯಲಿ, ಕಚೇರಿಯೂ ಆ ಸಂಖ್ಯೆಗೇ ಉತ್ತರ ಹೇಳಲಿ. ಮೂರು ಸಲ ನಿಜ ಹೇಳಿದ ಸಂಖ್ಯೆಯನ್ನು ನಾಲ್ಕನೆಯ ಸಲ ನಂಬುವುದಕ್ಕೆ ಅಡ್ಡಹೆಸರು ಯಾಕೆ ಬೇಕು?