ಮನೆಯೂ ನೆರೆಯವನೂ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸ್ವರ್ಣಾ ನದಿ. ನಡುವಿನ ಮರಳು ನೆಲವೇ ಹೂಡೆ. ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಹೀನನ ಸಾಮತಿಯನ್ನು ಇಂತಹ ಊರಿನಲ್ಲಿ ಬೋಧಿಸುವುದು ಹೇಗೆ? ಇಲ್ಲಿನವರಿಗೆ ಬೇರೆ ನೆಲವಿಲ್ಲ. ಪ್ರಭು ಯೇಸು ಬುದ್ಧಿಹೀನನೆಂದು ಕರೆದದ್ದು ತಮ್ಮ ಮಾತನ್ನು ಕೇಳಿಯೂ ಅದರಂತೆ ನಡೆಯದವನನ್ನು. ನೆಲ, ಗಾಳಿ, ಮಳೆಗಳೂ ಸೃಷ್ಟಿಕರ್ತನ ಒಂದು ಬಗೆಯ ಮಾತುಗಳೇ. ಅವನ್ನು ಕೇಳಿ ನಾವು ಮನೆ ಕಟ್ಟುತ್ತಿದ್ದೇವೆಯೇ?

ಕರಾವಳಿಯ ಹಳೆಯ ಮನೆ ಹಾಗೆ ಕೇಳಿ ಕಟ್ಟಿದ ಮನೆ. ಧಾರಾಕಾರ ಮಳೆಗೆ ಇಳಿಜಾರು ಮಾಡು, ಗೋಡೆ ನೆನೆಯದಂತೆ ಚಾಚಿದ ಸೂರು, ಸೆಕೆಗೆ ಜಗಲಿ. ಒಡೆದ ಹೆಂಚೊಂದನ್ನು ತೆಗೆದು ಮತ್ತೊಂದನ್ನು ಇಟ್ಟರೆ ಸಾಕು. ಆದರೆ ಹಳೆಯದೆಲ್ಲವೂ ಪುಣ್ಯವೆಂದು ಭಾವಿಸಬೇಕಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಆ ಹೆಂಚೂ ಆಧುನಿಕವೇ ಆಗಿತ್ತು. ಅದನ್ನು ಸುಡಲು ಕಾಡಿನ ಸೌದೆ ಬೇಕಿತ್ತು. ಹೆಂಚಿನ ಮನೆ ಕಟ್ಟಿದ ಕೂಲಿಯವನು ಮುಳಿಹುಲ್ಲಿನ ಗುಡಿಸಲಿನಲ್ಲಿ ಮಲಗಿದ್ದುಂಟು.

ತಾರಸಿ ಮನೆ ಬಡವನಿಗೂ ಭದ್ರತೆ ಕೊಟ್ಟಿದೆ. ಅದನ್ನು ಹಳಿಯುವುದು ನ್ಯಾಯವಲ್ಲ. ಆದರೂ ಜಗತ್ತಿನಲ್ಲಿ ಮಾನವನಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯದು. ಕಡಲ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ತಾರಸಿ ಸೋರತೊಡಗಿದಾಗ ಮೇಲೆ ತಗಡಿನ ಮಾಡು ಏರಿಸುತ್ತೇವೆ. ಎರಡೆರಡು ಮಾಡುಗಳ ವೆಚ್ಚ ಹೊತ್ತು, ಕೊನೆಗೆ ಅಜ್ಜಂದಿರ ಇಳಿಜಾರಿಗೇ ಮರಳುತ್ತೇವೆ.

ನನ್ನ ಹಣ, ನನ್ನ ಮನೆ, ನನ್ನ ಇಷ್ಟ ಎನ್ನುವವರುಂಟು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಇದಕ್ಕೆ ಉತ್ತರ ಕೊಡುತ್ತದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಎತ್ತಬೇಕು. ಯಾರಾದರೂ ಬಿದ್ದು ಸತ್ತರೆ ಆ ಅಪರಾಧ ಮನೆಯ ಮೇಲೆ ಬರುತ್ತದೆ. ಮನೆ ಸ್ವಂತದ್ದಾದರೂ ಅದರಿಂದಾಗುವ ಕೇಡು ನೆರೆಯವನನ್ನೂ ತಟ್ಟುತ್ತದೆ ಎಂಬುದೇ ಈ ಕಟ್ಟಳೆಯ ತಿರುಳು. ಅಂದು ಬೀಳಬಹುದಾದವನು ಕಣ್ಣೆದುರಿನ ಅತಿಥಿ. ಇಂದು ಬೀಳುವವರು ನಮಗೆ ಕಾಣುವುದಿಲ್ಲ: ಮರಳು ಬಗೆದ ನದಿಯ ದಡ ಕುಸಿದು ತೋಟ ಕಳೆದುಕೊಂಡವನು, ಬಾವಿ ಉಪ್ಪಾದ ನೆರೆಮನೆಯವಳು, ನಾಳೆ ಹುಟ್ಟುವ ಮಗು. ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನೇ ನಮ್ಮೆಲ್ಲರ ಮನೆಯೆಂದು ಕರೆದದ್ದು ಇದೇ ಅರ್ಥದಲ್ಲಿ.

ಹಾಗಾದರೆ ಇಂದಿನ ಅಡ್ಡಗೋಡೆ ಯಾವುದು? ಮಾಡಿನ ಮಳೆನೀರನ್ನು ನೆಲಕ್ಕೆ ಇಂಗಿಸುವುದು, ಅಂಗಳವನ್ನೆಲ್ಲ ಮುಚ್ಚದೆ ಮಣ್ಣನ್ನು ಉಸಿರಾಡಲು ಬಿಡುವುದು, ಗಾಳಿಯಾಡುವ ಕಿಟಕಿ, ನೆರಳಿಗೊಂದು ಮರ. ಇವು ಸುಲಭ. ಕಠಿಣವಾದದ್ದು ಅಗತ್ಯಕ್ಕೆ ತಕ್ಕಷ್ಟೇ ಕಟ್ಟುವುದು. ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲಿರುವಾಗ ಇಬ್ಬರು ವೃದ್ಧರಿಗೆ ಆರು ಕೋಣೆಗಳೇಕೆ? ಮಾಡಿನ ಮೇಲಿನ ಸೌರ ಫಲಕ ಈ ಪ್ರಶ್ನೆಯನ್ನು ಅಳಿಸದು.

ಹೊಸ ಮನೆಯ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವ ಮುನ್ನ, ನಕ್ಷೆ ಬರೆಯುವ ದಿನವೇ ಒಮ್ಮೆ ಕೇಳಿಕೊಳ್ಳೋಣ: ಈ ಮನೆಯಿಂದ ನೆರೆಯವನಿಗೂ ಆಶೀರ್ವಾದವಾದೀತೇ?